ಮಾತ್ರೆ ಡಬ್ಬಿಯ ಬೀಗದ ಕೈ ಯಾರ ಬಳಿ ಇರಬೇಕು?

ಬೆಳಿಗ್ಗೆ ಎಂಟು ಗಂಟೆಗೆ ಸ್ಟೀಲ್ ತಟ್ಟೆ ಬರುತ್ತದೆ. ತಟ್ಟೆಯ ತುಂಬ ಪುಟ್ಟ ಪುಟ್ಟ ಬಟ್ಟಲುಗಳು. ಬಟ್ಟಲಿನ ಮೇಲೆ ಹೆಸರಿಲ್ಲ, ಕೋಣೆಯ ನಂಬರು ಇದೆ. ಹನ್ನೊಂದನೇ ನಂಬರಿನ ಬಟ್ಟಲಿನಲ್ಲಿ ಐದು ಮಾತ್ರೆ. ಹನ್ನೊಂದನೇ ನಂಬರಿನ ಮುದುಕರು ಕನ್ನಡಕ ಸರಿಪಡಿಸಿಕೊಂಡು, 'ಈ ಬಿಳಿಯದ್ದು ಯಾವುದಕ್ಕಮ್ಮಾ?' ಎಂದು ಕೇಳುತ್ತಾರೆ. ತಟ್ಟೆ ಹಿಡಿದ ಹುಡುಗಿ, 'ನುಂಗಿ ತಾತಾ, ಇನ್ನೂ ಹದಿನೆಂಟು ಜನಕ್ಕೆ ಕೊಡಬೇಕು' ಎನ್ನುತ್ತಾಳೆ. ಅವಳ ಮಾತಿನಲ್ಲಿ ಸಿಟ್ಟಿಲ್ಲ, ಧಾವಂತವಿದೆ. ಆ ಮಾತ್ರೆ ಯಾವುದಕ್ಕೆ ಎಂಬುದು ಅವಳಿಗೂ ಗೊತ್ತಿಲ್ಲ.

ಆ ಮುದುಕರು ನಮ್ಮ ಉಸ್ತಾದರು. ಸರ್ಕಾರಿ ಉರ್ದು ಶಾಲೆಯಲ್ಲಿ ನಮಗೆ ಅಲಿಫ್ ಬೇ ತಿದ್ದಿಸಿದವರು. 'ಮನೆಯ ಮಾತು ತಾಯಿ ಕೊಟ್ಟಳು, ನೆಲದ ಮಾತನ್ನು ನೀವೇ ಗಳಿಸಬೇಕು' ಎಂದು ಕಿವಿ ಹಿಂಡಿ ನಮ್ಮನ್ನು ಕನ್ನಡದ ತರಗತಿಗೆ ಕಳಿಸಿದವರು. ಅರ್ಥ ಗೊತ್ತಿಲ್ಲದ ಪದವನ್ನು ಪುಸ್ತಕದಲ್ಲಿ ಬರೆದರೆ ಅವರು ಆ ಪುಟವನ್ನೇ ಹೊಡೆದುಹಾಕುತ್ತಿದ್ದರು. ಅರ್ಥ ಕೇಳದೆ ಒಂದು ಪದವನ್ನೂ ಬರೆಯಗೊಡದ ಮನುಷ್ಯ, ಎಂಬತ್ತರ ಹತ್ತಿರ ಬಂದು, ದಿನಕ್ಕೆ ಐದು ಸಲ ಅರ್ಥ ಗೊತ್ತಿಲ್ಲದ್ದನ್ನು ನುಂಗುತ್ತಿದ್ದಾರೆ.

ಈ ಮನೆ ಇರುವುದು ಚಂದಾಪುರದಲ್ಲಿ. ಒಂದು ಕಾಲಕ್ಕೆ ಚಂದಾಪುರವೆಂದರೆ ಹೊಸೂರು ರಸ್ತೆಯಿಂದ ಆನೇಕಲ್ಲಿಗೆ ತಿರುಗುವ ಜಾಗ, ಅಷ್ಟೇ. ಈಗ ಅತ್ತ ಎಲೆಕ್ಟ್ರಾನಿಕ್ ಸಿಟಿ, ಇತ್ತ ಅತ್ತಿಬೆಲೆ, ಪಕ್ಕದಲ್ಲಿ ಬೊಮ್ಮಸಂದ್ರ ಮತ್ತು ಜಿಗಣಿಯ ಕಾರ್ಖಾನೆಗಳು. ಪಾಳಿಯ ಮೇಲೆ ದುಡಿಯುವ ಮಕ್ಕಳು, ಅವರ ಹಿಂದೆ ಊರು ಬಿಟ್ಟು ಬಂದ ಅಪ್ಪ ಅಮ್ಮಂದಿರು. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ಹಳದಿ ಮಾರ್ಗವೂ ಬಂತು. ಮಕ್ಕಳಿಗೆ ಕಂಪನಿ ಹತ್ತಿರವಾಯಿತು. ಕೆಲವು ಮಕ್ಕಳಿಗೆ ಅಮೆರಿಕವೂ ಹತ್ತಿರವಾಯಿತು. ಹಾಗೆ ಹೋದ ಮಗನೊಬ್ಬನ ತಂದೆ ನಮ್ಮ ಉಸ್ತಾದರು. ಅವರನ್ನು ಈ ಮನೆಗೆ ಸೇರಿಸುವ ದಿನ ಸ್ಥಳೀಯ ಜವಾಬ್ದಾರರೆಂದು ಫಾರಂಗೆ ಸಹಿ ಹಾಕಿದವರು ನಾವೇ. 'ನಿವಾಸಿಯು ತನ್ನ ಬಳಿಯ ಎಲ್ಲ ಔಷಧಿಗಳನ್ನು ಕಚೇರಿಗೆ ಒಪ್ಪಿಸತಕ್ಕದ್ದು' ಎಂಬ ಸಾಲು ಆ ಫಾರಂನಲ್ಲಿತ್ತು. ನಾವು ಓದಲಿಲ್ಲ. ಅಥವಾ ಓದಿದೆವು, ಒಳ್ಳೆಯದೇ ಅಲ್ಲವೇ ಅಂದುಕೊಂಡೆವು. ಆದ್ದರಿಂದ ಈ ಲೇಖನದಲ್ಲಿ ಬೈಗುಳವೇನಾದರೂ ಇದ್ದರೆ ಅದರ ಮೊದಲ ಪಾಲು ನಮ್ಮದು.

ರಂಜಾನಿನಲ್ಲಿ ವಿಷಯ ಬಯಲಿಗೆ ಬಿತ್ತು. ಉಸ್ತಾದರ ದಿಂಬಿನ ಚೀಲದಲ್ಲಿ ಮಾತ್ರೆಗಳು ಸಿಕ್ಕವೆಂದು ಮ್ಯಾನೇಜರರಿಂದ ಫೋನು ಬಂತು. 'ನಿಮ್ಮವರಿಗೆ ಅರಳು ಮರಳು ಶುರುವಾಗಿದೆ, ಮಾತ್ರೆ ಕದ್ದಿಡುತ್ತಾರೆ' ಎಂದರು. ಹೋಗಿ ಕೇಳಿದೆವು. ಉಸ್ತಾದರು ಬಾಗಿಲು ಮುಚ್ಚಿಸಿ ಮೆಲ್ಲಗೆ ಹೇಳಿದರು: ಬೆಳಗಿನ ಬಟ್ಟಲಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಇರುತ್ತದೆ. ರೋಜಾ ಇದ್ದವನು ಬೆಳಿಗ್ಗೆ ಅದನ್ನು ನುಂಗಿ ಸಂಜೆಯವರೆಗೆ ಉಪವಾಸವಿದ್ದರೆ ಸಕ್ಕರೆ ಇಳಿದು ಬೀಳುತ್ತಾನೆ. ಅದಕ್ಕೆ ಕೆನ್ನೆಯಲ್ಲಿಟ್ಟುಕೊಂಡು, ಹುಡುಗಿ ಹೋದ ಮೇಲೆ ತೆಗೆದಿಟ್ಟು, ಇಫ್ತಾರಿನ ಹೊತ್ತಿಗೆ ನುಂಗುತ್ತಿದ್ದೇನೆ. ಹಿಂದಿನ ಡಾಕ್ಟರು ಹಾಗೇ ಹೇಳಿದ್ದರು.

ಈಗ ಹೇಳಿ, ಅರಳು ಮರಳು ಯಾರಿಗೆ? ತಾನು ನುಂಗುವ ಮಾತ್ರೆ ಹೊಟ್ಟೆಯಲ್ಲಿ ಏನು ಮಾಡುತ್ತದೆಂದು ತಿಳಿದವನಿಗೋ, ಅವನು ತಿಂಡಿ ಮುಟ್ಟಿಲ್ಲವೆಂದು ಕಣ್ಣಾರೆ ಕಂಡೂ ಅದೇ ಬಟ್ಟಲನ್ನು ಅದೇ ಎಂಟು ಗಂಟೆಗೆ ತಂದಿಟ್ಟ ವ್ಯವಸ್ಥೆಗೋ?

ಧರ್ಮವು ರೋಗಿಗೆ ರೋಜಾದಿಂದ ವಿನಾಯಿತಿ ಕೊಟ್ಟಿದೆ. ನಾವು ಅದನ್ನು ನೆನಪಿಸಿದೆವು. ಅವರು ನಕ್ಕರು. 'ವಿನಾಯಿತಿ ನಿಮಗೆ ಹೇಳಿಕೊಟ್ಟವನೇ ನಾನು. ಅದನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ಡಾಕ್ಟರ ಜೊತೆ ಕೂತು ತೀರ್ಮಾನಿಸುವವನು ನಾನಾಗಬೇಕು, ತಟ್ಟೆಯಲ್ಲ' ಎಂದರು. ಇದು ಒಬ್ಬರ ಹಟವಲ್ಲ. 2001ರಲ್ಲಿ 13 ದೇಶಗಳಲ್ಲಿ ನಡೆದ ಎಪಿಡಯಾರ್ ಎಂಬ ಅಧ್ಯಯನದಲ್ಲಿ, ಎರಡನೇ ಬಗೆಯ ಸಕ್ಕರೆ ಕಾಯಿಲೆಯಿದ್ದ ಮುಸ್ಲಿಮರಲ್ಲಿ ಸುಮಾರು ನೂರಕ್ಕೆ 79 ಮಂದಿ ರಂಜಾನಿನ ಕನಿಷ್ಠ 15 ದಿನ ಉಪವಾಸ ಮಾಡಿದ್ದು ಕಂಡುಬಂತು. ಏಕಾದಶಿ ಮಾಡುವ ಪಕ್ಕದ ಕೋಣೆಯ ಅಜ್ಜಿಯ ಕಥೆಯೂ ಬೇರೆಯಲ್ಲ. ಮನುಷ್ಯರು ಉಪವಾಸ ಮಾಡುತ್ತಾರೆ. ಬಚ್ಚಿಟ್ಟು ಮಾಡಬೇಕೋ, ಡಾಕ್ಟರಿಗೆ ಹೇಳಿ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಂಡು ಮಾಡಬೇಕೋ ಎಂಬುದೇ ಪ್ರಶ್ನೆ. ಉಸ್ತಾದರ ಲೆಕ್ಕ ಸರಿಯಿದ್ದಿರಬಹುದು. ಆದರೆ ಗುಟ್ಟಾಗಿ ಮಾಡುವ ಸರಿಯೂ ಅಪಾಯವೇ. ಆ ಗುಟ್ಟನ್ನು ಅವರ ಮೇಲೆ ಹೇರಿದವರು ಯಾರು?

ಇದು ದುಡ್ಡಿರುವವರ ಮನೆಯ ಕಥೆಯಾಯಿತು. ಇನ್ನೊಂದು ಮನೆಯನ್ನೂ ನೋಡಿ. ಇದೇ ಸುತ್ತಿನಲ್ಲಿ ಬಾಡಿಗೆ ಮನೆಯೊಂದಕ್ಕೆ ಬೋರ್ಡು ತಗುಲಿಸಿ ನಡೆಸುವ ಆಶ್ರಮ. ನರ್ಸು ಇಲ್ಲ. ಕಪಾಟೂ ಇಲ್ಲ, ತಟ್ಟೆಯೂ ಇಲ್ಲ. ಪ್ರತಿಯೊಬ್ಬರ ಹಾಸಿಗೆಯ ಪಕ್ಕದಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಮೂರು ವರ್ಷದ ಚೀಟಿಗಳು, ಕತ್ತರಿಸಿದ ಮಾತ್ರೆಪಟ್ಟಿಗಳು. ಗಾರ್ಮೆಂಟಿಗೆ ಹೋಗುವ ಮಗಳಿರುವ ಮುದುಕಿಯೊಬ್ಬರು ನಮ್ಮನ್ನು ಕರೆದು ಎರಡು ಪಟ್ಟಿ ತೋರಿಸಿದರು. 'ಇದು ಮಂಡಿ ನೋವಿಗೆ, ಇದು ಜ್ವರಕ್ಕೆ, ಅಲ್ಲವಾ?' ಒಂದು ಡೋಲೋ, ಇನ್ನೊಂದು ಕ್ರೋಸಿನ್. ಎರಡೂ ಪ್ಯಾರಸಿಟಮಾಲ್ ಮಾತ್ರೆಗಳೇ. ಮಂಡಿ ನೋವಿನ ಜೊತೆ ಮೈ ಬಿಸಿಯಾದ ದಿನ ಆ ತಾಯಿ ಎರಡನ್ನೂ ಮೂರು ಮೂರು ಹೊತ್ತು ನುಂಗುತ್ತಿದ್ದರು. ಮಿತಿ ಮೀರಿದ ಪ್ಯಾರಸಿಟಮಾಲ್ ಲಿವರಿಗೆ ವಿಷ. ಅಲ್ಲಿಯ ಮೇಲ್ವಿಚಾರಕರನ್ನು ಕೇಳಿದರೆ, 'ನಮ್ಮಲ್ಲಿ ಎಲ್ಲರೂ ಸ್ವತಂತ್ರರು ಸಾರ್, ಅವರವರ ಮಾತ್ರೆ ಅವರವರೇ ತಗೋತಾರೆ' ಎಂದರು.

ಒಂದು ಕಡೆ ಸುರಕ್ಷತೆಯ ಹೆಸರಿನಲ್ಲಿ ಕಿತ್ತುಕೊಳ್ಳುವುದು, ಇನ್ನೊಂದು ಕಡೆ ಸ್ವಾತಂತ್ರ್ಯದ ಹೆಸರಿನಲ್ಲಿ ಕೈಬಿಡುವುದು. ಎರಡೂ ಕಡೆ ಉಳಿತಾಯವಾಗುವುದು ಒಂದೇ: ವೃದ್ಧರ ಎದುರು ಕೂತು ಮಾತಾಡುವ ಅರ್ಧ ಗಂಟೆ.

ಈ ದೇಶದಲ್ಲಿ ಕಾನೂನು ಇಲ್ಲವೆಂದಲ್ಲ. ಆದರೆ ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅದಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ. ವೃದ್ಧರು ವರ್ಷಗಟ್ಟಲೆ ಬದುಕುವ ಮನೆಗೆ ಆಶ್ರಮವೆಂಬ ಹೆಸರು. ಅದನ್ನು ನೋಡಿಕೊಳ್ಳಲು ಹಿರಿಯ ನಾಗರಿಕರ ಸಬಲೀಕರಣದ ಇಲಾಖೆಯಿದೆ. ಅದೇ 2007ರಲ್ಲಿ ಬಂದ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 19ನೇ ಕಲಮು, ಜಿಲ್ಲೆಗೊಂದಾದರೂ ವೃದ್ಧಾಶ್ರಮ ಬೇಕು, ಅದರಲ್ಲಿ 150 ನಿರ್ಗತಿಕ ಹಿರಿಯರಿಗೆ ಜಾಗವಿರಬೇಕು ಎನ್ನುತ್ತದೆ. ಆಶ್ರಮಗಳ ಗುಣಮಟ್ಟ, ವೈದ್ಯಕೀಯ ಆರೈಕೆ, ಮನರಂಜನೆಯ ಬಗ್ಗೆ ರಾಜ್ಯ ಸರ್ಕಾರ ನಿಯಮ ಮಾಡಬಹುದೆಂದೂ ಹೇಳುತ್ತದೆ. ಆದರೆ ಮಾತ್ರೆ ಯಾರ ಬಳಿ ಇರಬೇಕು, ಯಾರು ಕೊಡಬೇಕು, ಕೊಟ್ಟದ್ದನ್ನು ಎಲ್ಲಿ ಬರೆಯಬೇಕು ಎಂಬ ಬಗ್ಗೆ ಆ ಕಾಯ್ದೆಯಲ್ಲಿ ಒಂದು ಅಕ್ಷರವೂ ಇಲ್ಲ. ಆರೈಕೆಯ ಮನೆಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟದ ಮಾತೆತ್ತಿದ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಅಂಗೀಕಾರವಾಗದೆ, 2024ರಲ್ಲಿ ಆ ಲೋಕಸಭೆಯ ಜೊತೆಗೇ ಬಿದ್ದುಹೋಯಿತು.

ನಿದ್ದೆ ಮಾತ್ರೆಯ ಉದಾಹರಣೆಯನ್ನೇ ನೋಡಿ. ಆಲ್‌ಪ್ರಜೋಲಾಮ್, ಡಯಾಜೆಪಾಮ್ ಮುಂತಾದವು ಎಚ್1 ಅನುಸೂಚಿಯಲ್ಲಿವೆ. 2014ರ ಮಾರ್ಚಿನಿಂದ ಔಷಧಿ ಅಂಗಡಿಯವನು ಇವನ್ನು ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡಬೇಕು. ಸರಿ. ಅದೇ ಮಾತ್ರೆ ಆಶ್ರಮದ ಕಪಾಟಿಗೆ ಬಂದ ಮೇಲೆ ಯಾರ ಬಟ್ಟಲಿಗೆ ಹೋಯಿತೆಂದು ಯಾವ ಪುಸ್ತಕ ಹೇಳುತ್ತದೆ? ರಾತ್ರಿ ಪದೇ ಪದೇ ಎದ್ದು ಮಗನ ಹೆಸರು ಕೂಗುವ ಮುದುಕನ ಬಟ್ಟಲಿಗೆ ಅದು ಬಿದ್ದರೆ ಕೇಳುವವರು ಯಾರು? ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ವೃದ್ಧರಿಗೆ ಸಲ್ಲದ ಔಷಧಿಗಳ ಪಟ್ಟಿ ಮಾಡಿದ್ದೇ ಆರೈಕೆಯ ಮನೆಗಳ ನಿವಾಸಿಗಳನ್ನು ನೋಡಿ. ಆ ಪಟ್ಟಿಯ ಇಂದಿನ ಆವೃತ್ತಿಗಳೂ ಈ ಬಗೆಯ ಮಾತ್ರೆಗಳ ವಿಷಯದಲ್ಲಿ ಎಚ್ಚರಿಸುತ್ತವೆ: ವೃದ್ಧರು ಇದರಿಂದ ಎಡವುತ್ತಾರೆ, ಸೊಂಟ ಮುರಿದುಕೊಳ್ಳುತ್ತಾರೆ, ಬುದ್ಧಿ ಮಂಕಾಗುತ್ತದೆ. ತನ್ನ ಬಟ್ಟಲಿನಲ್ಲಿ ಏನಿದೆಯೆಂದು ಕೇಳುವ ಹಕ್ಕು ವೃದ್ಧನಿಗಿದ್ದರೆ, ಅವನೇ ಮೊದಲ ಕಾವಲುಗಾರ. ಆ ಹಕ್ಕನ್ನು ಕಿತ್ತುಕೊಂಡರೆ ಕಾವಲುಗಾರನನ್ನೇ ಕಟ್ಟಿಹಾಕಿದಂತೆ.

ಮ್ಯಾನೇಜರರ ವಾದವನ್ನೂ ಕೇಳೋಣ, ಅದರಲ್ಲಿ ಹುರುಳಿಲ್ಲವೆಂದಲ್ಲ. 'ಮರೆತು ಎರಡು ಸಲ ನುಂಗಿ ಏನಾದರೂ ಆದರೆ ಯಾರು ಹೊಣೆ? ಮಗ ವಿಮಾನ ಹತ್ತಿ ಬಂದು ನಮ್ಮ ಕೊರಳಪಟ್ಟಿ ಹಿಡಿಯುತ್ತಾನೆ' ಎನ್ನುತ್ತಾರೆ. ನಿಜ, ಹಿಡಿಯುತ್ತಾನೆ. ಆದರೆ ಕಚೇರಿಯ ಕೈಯಲ್ಲಿದ್ದರೆ ತಪ್ಪಾಗುವುದಿಲ್ಲ ಎಂಬ ನಂಬಿಕೆಗೆ ಆಧಾರವೇನು? ಇಂಗ್ಲೆಂಡಿನಲ್ಲಿ ನಮಗಿಂತ ಹೆಚ್ಚು ನರ್ಸುಗಳು, ಹೆಚ್ಚು ಪುಸ್ತಕಗಳು, ಹೆಚ್ಚು ತಪಾಸಣೆ. ಅಲ್ಲಿನ 55 ಆರೈಕೆ ಮನೆಗಳ 256 ನಿವಾಸಿಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನ 178 ಮಂದಿಯ ಔಷಧಿಯಲ್ಲಿ ಒಂದಾದರೂ ತಪ್ಪನ್ನು ಕಂಡಿತು. ಹತ್ತರಲ್ಲಿ ಏಳು ಜನ! ಬರೆಯುವಲ್ಲಿ, ಅಂಗಡಿಯಿಂದ ಕೊಡುವಲ್ಲಿ, ನುಂಗಿಸುವಲ್ಲಿ, ಆಮೇಲೆ ರಕ್ತ ಪರೀಕ್ಷಿಸಿ ನೋಡುವಲ್ಲಿ, ಎಲ್ಲ ಮೆಟ್ಟಿಲುಗಳಲ್ಲೂ ತಪ್ಪು. ಹಾಗಿರುವಾಗ ನಂಬರಿನ ಬಟ್ಟಲನ್ನು ಸುರಕ್ಷತೆ ಎಂದು ಕರೆಯುವುದು ಹೇಗೆ?

ಅದೇ ಇಂಗ್ಲೆಂಡು ಇದರಿಂದ ಏನು ಕಲಿಯಿತು? ಅಲ್ಲಿನ ನೈಸ್ ಎಂಬ ಸಂಸ್ಥೆ 2014ರ ಮಾರ್ಚಿನಲ್ಲಿ ಆರೈಕೆ ಮನೆಗಳ ಔಷಧಿ ನಿರ್ವಹಣೆಗೆ ಮಾರ್ಗಸೂಚಿ ಹೊರಡಿಸಿತು. ಅದು ಲೆಕ್ಕವನ್ನೇ ತಿರುಗಿಸಿತು: ನಿವಾಸಿಯು ತನ್ನ ಔಷಧಿಯನ್ನು ತಾನೇ ಇಟ್ಟುಕೊಂಡು ತಾನೇ ತೆಗೆದುಕೊಳ್ಳಬಲ್ಲ ಎಂದೇ ಮೊದಲು ಭಾವಿಸಬೇಕು. ಆಗದು ಎಂದು ಪರಿಶೀಲನೆಯಲ್ಲಿ ತಿಳಿದರೆ ಮಾತ್ರ ಸಿಬ್ಬಂದಿ ಕೈ ಹಾಕಬೇಕು. ಅಮೆರಿಕದ ನಿಯಮಗಳಲ್ಲೂ, ಆರೈಕೆ ಮಾಡುವವರ ತಂಡ ಸೂಕ್ತವೆಂದು ಕಂಡರೆ, ಇದು ನಿವಾಸಿಯ ಹಕ್ಕು. ನಮ್ಮಲ್ಲಿ ತಲೆಕೆಳಗು. ಬಾಗಿಲು ದಾಟಿದ ಕೂಡಲೇ ಆತ ಅಸಮರ್ಥ. ನಿನ್ನೆಯವರೆಗೆ ತನ್ನ ಮನೆಯಲ್ಲಿ ತಾನೇ ಮಾತ್ರೆ ನುಂಗುತ್ತಿದ್ದವನು ಫಾರಂಗೆ ಸಹಿ ಬಿದ್ದ ಕ್ಷಣದಿಂದ ಮಗುವಾಗುತ್ತಾನೆ.

ಎಲ್ಲರ ಕೈಗೂ ಎಲ್ಲವನ್ನೂ ಕೊಡಿ ಎಂದು ನಾವು ಹೇಳುತ್ತಿಲ್ಲ. ನೆನಪು ಕಳೆದವರಿದ್ದಾರೆ, ಕೈ ನಡುಗುವವರಿದ್ದಾರೆ, ಬದುಕು ಸಾಕೆನಿಸಿ ಎಲ್ಲವನ್ನೂ ಒಟ್ಟಿಗೆ ನುಂಗಿಬಿಡುವಷ್ಟು ನೊಂದವರಿದ್ದಾರೆ. ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಂದು ದಿನದ ಔಷಧಿ. ಅದನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಅಂಥದ್ದನ್ನು ನರ್ಸ್ ಇಟ್ಟುಕೊಳ್ಳಲಿ. ಆದರೆ ಪೂರ್ತಿ ಕೊಡುವುದಕ್ಕೂ ಪೂರ್ತಿ ಕಿತ್ತುಕೊಳ್ಳುವುದಕ್ಕೂ ನಡುವೆ ಮೆಟ್ಟಿಲುಗಳಿವೆ. ಕಣ್ಣಿನ ಹನಿ, ದಮ್ಮಿನ ಪಂಪು, ನೋವಿನ ಮುಲಾಮು ಅವರ ಬಳಿ, ಉಳಿದದ್ದು ನರ್ಸ್ ಬಳಿ. ಒಂದು ವಾರದ್ದು ಅವರ ಡಬ್ಬಿಯಲ್ಲಿ, ತಿಂಗಳದ್ದು ಕಪಾಟಿನಲ್ಲಿ. ದಮ್ಮು ಹತ್ತಿದ ರಾತ್ರಿ ಎರಡು ಗಂಟೆಗೆ ಪಂಪಿಗಾಗಿ ಕಚೇರಿಯ ಬೀಗ ತೆಗೆಸಬೇಕಾದ ಮನೆಯನ್ನು ಯಾರೂ ಸುರಕ್ಷಿತ ಎನ್ನಲಾರರು.

ಭಾಷೆಯ ಮಾತಿಗೆ ಬರೋಣ. ನಮ್ಮ ಉಸ್ತಾದರಿಗೆ ಎರಡು ಲಿಪಿ ಬರುತ್ತವೆ. ಮಾತ್ರೆಪಟ್ಟಿಯ ಮೇಲೆ ಆ ಎರಡೂ ಇಲ್ಲ. ಔಷಧಿಯ ಮೇಲೆ ಕನ್ನಡದಲ್ಲಿ ಬರೆಯಬೇಕೆಂಬ ಕಡ್ಡಾಯ ಈ ದೇಶದ ನಿಯಮದಲ್ಲಿಲ್ಲ. ಯುರೋಪಿನ ಒಕ್ಕೂಟ 2004ರ ನಿರ್ದೇಶನದಲ್ಲೇ ಔಷಧಿಯ ಪೆಟ್ಟಿಗೆಯ ಮೇಲೆ ಹೆಸರು ಬ್ರೈಲ್ ಲಿಪಿಯಲ್ಲಿರಬೇಕೆಂದಿತು. ಅಲ್ಲಿ ಕುರುಡರೂ ಓದಬಹುದು. ಇಲ್ಲಿ ಕಣ್ಣಿದ್ದ ಮೇಷ್ಟ್ರೂ ಓದಲಾರರು. ನಮ್ಮ ಸರ್ಕಾರ ಮಾಡಿದ್ದೇನು? 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಔಷಧಿಗಳ ಮೇಲೆ ಕ್ಯೂಆರ್ ಕೋಡ್ ಹಾಕಿಸಿತು. ನಕಲಿ ಔಷಧಿ ತಡೆಯಲು ಅದು ಒಳ್ಳೆಯದೇ. ಆದರೆ ಗುಂಡಿ ಒತ್ತುವ ಫೋನಿಟ್ಟುಕೊಂಡ ಅಜ್ಜಿಗೆ ಆ ಕಪ್ಪು ಚೌಕದಿಂದ ಏನು ತಿಳಿಯಬೇಕು? ಇನ್ನು ಅಂಗಡಿಯವನು ಪಟ್ಟಿಯನ್ನು ಕತ್ತರಿಸಿ ನಾಲ್ಕೇ ಮಾತ್ರೆ ಕೊಟ್ಟರೆ ಅವಧಿ ಮುಗಿಯುವ ತಾರೀಖು ಉಳಿದ ತುಂಡಿನಲ್ಲೇ ಹೋಯಿತು.

ಚಂದಾಪುರದಲ್ಲಿ ಕೂತು ಈ ಮಾತಾಡುವಾಗ ಇನ್ನೊಂದು ಸಂಗತಿ ಚುಚ್ಚುತ್ತದೆ. ಪಕ್ಕದ ಬೊಮ್ಮಸಂದ್ರದಲ್ಲಿ ಬಯೋಕಾನ್ ಕಂಪನಿ ಇನ್ಸುಲಿನ್ ತಯಾರಿಸುತ್ತದೆ. 2004ರಲ್ಲಿ ಅದರ ಇನ್ಸುಲಿನ್ ಮಾರುಕಟ್ಟೆಗೆ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಈ ನೆಲದಲ್ಲಿ ಹುಟ್ಟುವ ಇನ್ಸುಲಿನ್ ಹೊರದೇಶಗಳಿಗೂ ಹೋಗುತ್ತದೆ. ಅದನ್ನು ಚುಚ್ಚಿಕೊಳ್ಳುವ ತಿಳಿವಳಿಕೆ ಕೂಗಳತೆಯ ಆಶ್ರಮಕ್ಕೆ ಬಂದಿದೆಯೇ? ನಮ್ಮಲ್ಲಿ ಇನ್ಸುಲಿನ್ ಸೀಸೆ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್‌ನದು, ಪೆನ್ನಿನ ಕಾರ್ಟ್ರಿಜ್ 100 ಯೂನಿಟ್‌ನದು. ಸಿರಿಂಜುಗಳೂ ಎರಡು ಬಗೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನ ಗೆರೆ ನೋಡಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಔಷಧಿ ಮೈಗೆ ಹೋಗುತ್ತದೆ. ತಿರುಗಾ ಮುರುಗಾ ಆದರೆ ಎರಡೂವರೆ ಪಟ್ಟು ಕಡಿಮೆ. ಕೆಂಪು ಮತ್ತು ಕಿತ್ತಳೆ, ಮಂದ ಕಣ್ಣಿಗೆ ಎಷ್ಟು ದೂರ? ಇದನ್ನು ವೃದ್ಧನಿಗೂ ಕಲಿಸಬೇಕು, ತಟ್ಟೆಯ ಹುಡುಗಿಗೂ ಕಲಿಸಬೇಕು. ಕಲಿಸದೆ ಇಬ್ಬರಲ್ಲಿ ಯಾರ ಕೈಗೆ ಕೊಟ್ಟರೂ ಅಪಾಯ ಒಂದೇ.

ಹಾಗಾದರೆ ಏನು ಮಾಡಬೇಕು? ಆಕಾಶದ ಚುಕ್ಕಿ ಕೇಳುತ್ತಿಲ್ಲ. ಸೇರಿಸಿಕೊಳ್ಳುವ ದಿನ ವೈದ್ಯರು ಅಥವಾ ನರ್ಸ್ ನಿವಾಸಿಯ ಎದುರು ಕೂತು ನಾಲ್ಕು ಪ್ರಶ್ನೆ ಕೇಳಲಿ: ಈ ಮಾತ್ರೆ ಯಾವುದಕ್ಕೆ? ಯಾವಾಗ? ಪಟ್ಟಿಯಿಂದ ಬಿಡಿಸಿ ತೋರಿಸುತ್ತೀರಾ? ಮರೆತರೆ ಏನು ಮಾಡುತ್ತೀರಿ? ಉತ್ತರ ನೋಡಿ ಯಾವ ಔಷಧಿ ಯಾರ ಬಳಿ ಎಂದು ಬರೆದಿಡಲಿ. ಕೆಲವು ತಿಂಗಳಿಗೊಮ್ಮೆ, ಆಸ್ಪತ್ರೆಯಿಂದ ಮರಳಿದಾಗಲೆಲ್ಲ, ಮತ್ತೆ ಕೇಳಲಿ. ಹಾಸಿಗೆಯ ಪಕ್ಕದಲ್ಲಿ ಬೀಗವಿರುವ ಒಂದು ಡ್ರಾಯರ್ ಇರಲಿ. ಒಂದು ಕೈ ಅವರ ಬಳಿ, ಇನ್ನೊಂದು ಕಚೇರಿಯಲ್ಲಿ. ನೆನಪು ತಪ್ಪಿದ ಪಕ್ಕದ ಮಂಚದವರು ತೆಗೆದು ನುಂಗದಿರಲು ಈ ಬೀಗ ಬೇಕೇ ಬೇಕು. ವಾರಕ್ಕೊಮ್ಮೆ ಇಬ್ಬರೂ ಕೂತು ಮಾತ್ರೆ ಎಣಿಸಲಿ, ಪೊಲೀಸರಂತಲ್ಲ, ಲೆಕ್ಕ ಒಪ್ಪಿಸುವ ಗೆಳೆಯರಂತೆ. ಯುನಾನಿ ಚೂರ್ಣವಿರಲಿ, ಆಯುರ್ವೇದದ ಕಷಾಯವಿರಲಿ, ಪಟ್ಟಿಯಲ್ಲಿ ಬರಲಿ. ಅಪ್ಪನ ಭಾಷೆಯಲ್ಲಿ, ದಪ್ಪ ಅಕ್ಷರದಲ್ಲಿ, ಒಂದು ಹಾಳೆ ಗೋಡೆಯ ಮೇಲೋ ಡ್ರಾಯರಿನೊಳಗೋ, ಅವರಿಗೆ ಬೇಕಾದಲ್ಲಿ ಇರಲಿ. ಬೇಡವೆಂದರೆ ಯಾಕೆ ಬೇಡವೆಂದು ಕೇಳಿ, ಬರೆದು, ವೈದ್ಯರಿಗೆ ತಿಳಿಸಲಿ. ಅನ್ನದಲ್ಲಿ ಅರೆದು ಕಲೆಸಿ ಮೋಸದಿಂದ ತಿನ್ನಿಸುವುದು ನಿಲ್ಲಲಿ.

ಜನ ಎಲ್ಲಿದ್ದಾರೆ ಎನ್ನಬೇಡಿ. 2015ರ ಫಾರ್ಮಸಿ ವೃತ್ತಿ ನಿಯಮಗಳು ರೋಗಿಗೆ ಔಷಧಿಯ ತಿಳಿವಳಿಕೆ ಕೊಡುವುದು ಫಾರ್ಮಸಿಸ್ಟರ ಕೆಲಸವೆಂದೇ ಹೇಳಿವೆ. ಬೆಂಗಳೂರಿನ ಸುತ್ತ ಫಾರ್ಮಸಿ ಕಾಲೇಜುಗಳಿಗೆ ಬರವಿಲ್ಲ. ಅಲ್ಲಿನ ವಿದ್ಯಾರ್ಥಿಗಳು ತಿಂಗಳಿಗೊಂದು ದಿನ ಆಶ್ರಮಕ್ಕೆ ಬಂದು ಪ್ಲಾಸ್ಟಿಕ್ ಕವರುಗಳನ್ನು ಬಿಚ್ಚಿ ನೋಡಿದರೆ ಎಷ್ಟೋ ಜೋಡಿ ಹೆಸರಿನ ಮಾತ್ರೆಗಳು ಸಿಕ್ಕಿಬೀಳುತ್ತವೆ. ಕಂಪನಿಗಳು ಸಾಮಾಜಿಕ ಹೊಣೆಯ ಹಣದಲ್ಲಿ ಬೆಂಚು ಕೊಟ್ಟು ತಮ್ಮ ಹೆಸರು ಬರೆಸುತ್ತವೆ. ಒಬ್ಬ ನರ್ಸಿನ ಸಂಬಳ ಕೊಟ್ಟರೆ ಹೆಸರು ಎಲ್ಲಿ ಬರೆಸುವುದು ಎಂಬುದೇ ಅವರ ಕಷ್ಟವಿರಬೇಕು. ಸರ್ಕಾರಕ್ಕೆ 19ನೇ ಕಲಮಿನಲ್ಲಿ ಅಧಿಕಾರ ಮೊದಲೇ ಇದೆ. ಹೊಸ ಕಾಯ್ದೆಗೆ ಕಾಯದೆ ನಿಯಮ ಬರೆಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ಹಾನಿ ತಡೆಯುವುದನ್ನೇ ಜಗತ್ತಿನ ಸವಾಲೆಂದು ಸಾರಿತು. 2022ರ ರೋಗಿ ಸುರಕ್ಷತಾ ದಿನದಂದು ತಿಳಿಯಿರಿ, ಪರೀಕ್ಷಿಸಿ, ಕೇಳಿ ಎಂದು ಕರೆಕೊಟ್ಟಿತು. ಕೇಳಿದವರಿಗೆ ಅರಳು ಮರಳು ಎನ್ನುವ ಮನೆಗಳಲ್ಲಿ ಆ ಕರೆಯ ಗತಿಯೇನು?

ಮಕ್ಕಳಿಗೂ ಒಂದು ಮಾತು. ಅಪ್ಪನಿಗೆ ಏನು ಕೊಡುತ್ತಿದ್ದಾರೆಂದು ನಿಮಗೆ ವಾಟ್ಸಾಪಿನಲ್ಲಿ ಪಟ್ಟಿ ಬರುತ್ತದೆ. ಅಪ್ಪನಿಗೆ ಬರುತ್ತದೆಯೇ? ನಿಮ್ಮ ನೆಮ್ಮದಿಗಾಗಿ ಅವರ ಕೈ ಖಾಲಿ ಮಾಡಿಸಿದ್ದೀರಿ. ಆಶ್ರಮದವರ ಮೇಲಿನ ನಮ್ಮ ಸಿಟ್ಟಿನಲ್ಲಿ ಅರ್ಧ ನಮ್ಮ ಮೇಲಿನದೇ ಎಂದು ಒಪ್ಪಿಕೊಳ್ಳುವುದು ಒಳ್ಳೆಯದು. ಮುಂದಿನ ಸಲ ಫಾರಂಗೆ ಸಹಿ ಹಾಕುವಾಗ ಆ ಸಾಲನ್ನು ಹೊಡೆದುಹಾಕಿ, 'ನಿವಾಸಿಯನ್ನು ಕೇಳಿ, ಪರಿಶೀಲಿಸಿ ತೀರ್ಮಾನಿಸತಕ್ಕದ್ದು' ಎಂದು ಬರೆಯಿರಿ. ಒಪ್ಪದಿದ್ದರೆ ಯಾಕೆಂದು ಕೇಳಿ. ತೀರಾ ಅನ್ಯಾಯ ಕಂಡರೆ 14567 ಎಂಬ ಹಿರಿಯರ ಸಹಾಯವಾಣಿಯಿದೆ.

ಕಳೆದ ಭಾನುವಾರ ನಾವೊಂದು ರಟ್ಟಿನ ಮೇಲೆ ಉಸ್ತಾದರ ಐದು ಮಾತ್ರೆಗಳ ಹೆಸರು, ಹೊತ್ತು, ಕಾರಣ ಬರೆದುಕೊಂಡು ಹೋದೆವು. ಎಡಕ್ಕೆ ಕನ್ನಡ, ಬಲಕ್ಕೆ ಉರ್ದು. ವೈದ್ಯರಿಗೆ ತೋರಿಸಿ ಸಹಿ ಮಾಡಿಸಿದ್ದೆವು. ಮ್ಯಾನೇಜರರು ಬಹಳ ಹೊತ್ತು ನೋಡಿ, ಕಣ್ಣಿನ ಹನಿ ಮತ್ತು ಬೆಳಗಿನ ಒಂದು ಮಾತ್ರೆಯನ್ನು ಒಂದು ತಿಂಗಳ ಮಟ್ಟಿಗೆ ಅವರ ಬಳಿ ಬಿಡಲು ಒಪ್ಪಿದ್ದಾರೆ. ಉಸ್ತಾದರು ರಟ್ಟನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ನಮ್ಮ ಉರ್ದುವಿನಲ್ಲಿ ಎರಡು, ಕನ್ನಡದಲ್ಲಿ ಒಂದು ತಪ್ಪು ತಿದ್ದಿದರು.

ನಮ್ಮ ತಪ್ಪನ್ನು ಹಿಡಿಯಬಲ್ಲ ಮನುಷ್ಯ ತಟ್ಟೆಯ ತಪ್ಪನ್ನೂ ಹಿಡಿಯಬಲ್ಲ. ಹಿಡಿಯಲು ಬಿಡಿ.